ಖರ್ಚಿನ ಬಿಲ್ಲು ಎತ್ತಿಟ್ಟುಕೊಂಡರೆ ಅನುದಾನ ಸಿಗುವುದಿಲ್ಲ

ಪ್ರಶ್ನೆ: ಅಮೆರಿಕದ ನಗರವೊಂದರಲ್ಲಿ ಸ್ವಂತ ಕಟ್ಟಡದಲ್ಲಿ ಅಂಗಡಿ ನಡೆಸುತ್ತಿದ್ದೇನೆ. ಬಡವರ ಮನೆ ದುರಸ್ತಿಗೆ ಮೀಸಲಿಟ್ಟಿದ್ದ ಸಿಡಿಬಿಜಿ ಸಮುದಾಯ ಅಭಿವೃದ್ಧಿ ಅನುದಾನ ಖರ್ಚಾಗದೆ ಉಳಿದಿದ್ದು, ಅದನ್ನು ನಮ್ಮ ಬೀದಿಯ ಅಂಗಡಿಗಳ ಸುಧಾರಣೆಗೆ ಕೊಡಲು ಸಿಟಿ ಕೌನ್ಸಿಲ್ ಒಪ್ಪಿದೆ. ಅರ್ಜಿ ಹಾಕಿದ್ದೇನೆ. ‘ಕೆಲಸ ಶುರು ಮಾಡಿ, ಬಿಲ್ಲು ಎತ್ತಿಟ್ಟುಕೊಳ್ಳಿ’ ಎನ್ನುತ್ತಾರೆ ಸಲಹೆಗಾರರು. ಮಾಡಲೇ?

ಉತ್ತರ: ಮಾಡಬೇಡಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಅನೇಕ ವೇಳೆ ಕಿಟಕಿ ಕಿತ್ತ ಮೇಲೆ ಬರುತ್ತದೆ.

ಕೌನ್ಸಿಲ್ ಕೈಯೆತ್ತಿದ ಮಾತ್ರಕ್ಕೆ ಹಣ ನಿಮ್ಮ ಬೀದಿಗೆ ಬರುವುದಿಲ್ಲ. ಇದು 1974ರ ವಸತಿ ಮತ್ತು ಸಮುದಾಯ ಅಭಿವೃದ್ಧಿ ಕಾಯ್ದೆಯಡಿ ಬರುವ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಹಣ. ಒಂದು ಬಗೆಯ ಕೆಲಸಕ್ಕೆ ತೋರಿಸಿದ್ದನ್ನು ಇನ್ನೊಂದಕ್ಕೆ ತಿರುಗಿಸಬೇಕಾದರೆ ನಗರವು ಯೋಜನೆಯ ತಿದ್ದುಪಡಿ ಪ್ರಕಟಿಸಿ, ಜನರ ಅಭಿಪ್ರಾಯಕ್ಕೆ ಕನಿಷ್ಠ 30 ದಿನ ಕೊಡಬೇಕು. ಜೊತೆಗೆ ಪರಿಸರ ಪರಿಶೀಲನೆ. ಬೋರ್ಡಿಗೂ ಬಣ್ಣಕ್ಕೂ ಎಂಥ ಪರಿಸರ ಎಂದು ನಗಬೇಡಿ. ಕಟ್ಟಡದ ಐತಿಹಾಸಿಕ ಮಹತ್ವದ ವಿಚಾರವೂ ಅದರೊಳಗೇ ಬರುತ್ತದೆ. ಅರ್ಜಿ ಹಾಕಿದ ಮೇಲೆ, ಪರಿಶೀಲನೆ ಮುಗಿಯುವ ಮೊದಲು ಸ್ವಂತ ದುಡ್ಡಿನಲ್ಲಿ ಕೆಲಸ ಶುರು ಮಾಡಿದರೂ ಅದು ಅನುದಾನದಿಂದ ಹೊರಬೀಳಬಹುದು. ಸಲಹೆಗಾರರ ಶುಲ್ಕ ಮಾತ್ರ ತಪ್ಪುವುದಿಲ್ಲ.

ಗುತ್ತಿಗೆದಾರರಿಂದ ದರ ತರಿಸಿದ್ದೀರಾ? ನಿರ್ಮಾಣ ಗುತ್ತಿಗೆ 2,000 ಡಾಲರ್ ಮೀರಿದರೆ ಡೇವಿಸ್-ಬೇಕನ್ ಕಾಯ್ದೆಯ ಕೂಲಿ, ಅಂದರೆ ಆ ಪ್ರದೇಶಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಕೊಡಬೇಕು. ಅದನ್ನು ಮೊದಲೇ ಹೇಳದೆ ತರಿಸಿದ ದರಪಟ್ಟಿಯನ್ನು ಹರಿದು ಹಾಕಿ. ಖಾಸಗಿ ಅಂಗಡಿ ಕಟ್ಟಡದ ನವೀಕರಣ ಎಂದರೆ ಹೊರಮೈ, ಕಟ್ಟಡ ನಿಯಮದ ಉಲ್ಲಂಘನೆ ಸರಿಪಡಿಸುವುದು, ಸೀಸದ ಬಣ್ಣ ಮತ್ತು ಆಸ್ಬೆಸ್ಟಾಸ್ ಅಪಾಯದ ನಿವಾರಣೆ, ಅಷ್ಟೆ. ಒಳಗಿನ ಹೊಸ ಕೌಂಟರ್ ಅದರಲ್ಲಿ ಬರುವುದಿಲ್ಲ.

‘ನನ್ನ ಗಿರಾಕಿಗಳೆಲ್ಲ ಬಡವರು’ ಎಂಬ ವಾದವನ್ನೂ ಬಿಡಿ. ಕೆಲಸದಿಂದ ಇಡೀ ಬಡಾವಣೆಗೆ ಪ್ರಯೋಜನ ಎಂದು ತೋರಿಸಿ ಹಣ ಪಡೆಯುವುದಾದರೆ ಅಲ್ಲಿ ವಾಸಿಸುವವರಲ್ಲಿ ಸಾಮಾನ್ಯವಾಗಿ ಶೇ 51ರಷ್ಟಾದರೂ ಕಡಿಮೆ ಅಥವಾ ಮಧ್ಯಮ ಆದಾಯದವರಿರಬೇಕು. ಲೆಕ್ಕ ನಿವಾಸಿಗಳದು, ಗಿರಾಕಿಗಳದಲ್ಲ.

ಇಷ್ಟೆಲ್ಲ ಇರುವಾಗ ನಗರಕ್ಕೇಕೆ ಅವಸರ? ನಗರದ ಸಿಡಿಬಿಜಿ ಕಾರ್ಯಕ್ರಮದ ವರ್ಷ ಮುಗಿಯಲು 60 ದಿನ ಇರುವಾಗ, ಬಳಸದೆ ಉಳಿದ ಹಣ ಒಂದು ವರ್ಷದ ಅನುದಾನದ ಒಂದೂವರೆ ಪಟ್ಟನ್ನು ಮೀರಿರಬಾರದು. ಅದು ಅವರ ಗಡುವು, ನಿಮ್ಮದಲ್ಲ. ಮುದುಕರ ಸೋರುವ ಮಾಡಿಗೆ ಇಟ್ಟ ದುಡ್ಡು ಏಕೆ ಖರ್ಚಾಗಲಿಲ್ಲ ಎಂದು ಆ 30 ದಿನಗಳಲ್ಲಿ ಯಾರಾದರೂ ಕೇಳಿದರೆ ನನಗೆ ಸಂತೋಷ. ನೀವೇ ಕೇಳಿದರೂ ಆದೀತು.

ಪ್ರಶ್ನೆ: ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್ ಹಣವೂ ಇದೇ ಅಲ್ಲವೇ?

ಉತ್ತರ: ಅಲ್ಲ. ಅದು ಒಂದು ವ್ಯಾಪಾರ ಪ್ರದೇಶದ ಸುಧಾರಣೆಗೆಂದು ಅಲ್ಲಿನ ಆಸ್ತಿ ಅಥವಾ ವ್ಯಾಪಾರಗಳ ಮೇಲೆ ವಿಧಿಸುವ ಶುಲ್ಕ.

ಪ್ರಶ್ನೆ: ನಾನು, ಹೆಂಡತಿ, ಇಬ್ಬರು ನೌಕರರು. ಸಿಡಿಬಿಜಿ ಲೆಕ್ಕದಲ್ಲಿ ನಮ್ಮದು ಕಿರು ಉದ್ಯಮವೇ?

ಉತ್ತರ: ಮಾಲೀಕರೂ ಸೇರಿ ಐದು ಜನರವರೆಗೆ ಹೌದು. ಮಾಲೀಕರ ಆದಾಯ ಕಡಿಮೆಯೇ ಎಂದು ನೋಡಲು ಮನೆಯ ಆದಾಯದ ದಾಖಲೆ ಕೇಳಿದರೆ ಅವಮಾನವೆಂದುಕೊಳ್ಳಬೇಡಿ.

ಪ್ರಶ್ನೆ: ಮುಂಗಡ ಕೊಟ್ಟರೆ ಅನುದಾನ ಖಾತರಿ ಎನ್ನುತ್ತಾನೆ ಏಜೆಂಟ್.

ಉತ್ತರ: ಕದ ಹಾಕಿಕೊಳ್ಳಿ.

ಪ್ರಶ್ನೆ: ನನ್ನ ಅಣ್ಣ ಕೌನ್ಸಿಲ್ ಸದಸ್ಯ. ಅನುಕೂಲವಾದೀತೇ?

ಉತ್ತರ: ತೊಡಕಾದೀತು. ಹಿತಾಸಕ್ತಿ ಸಂಘರ್ಷದ ನಿಯಮ ಹತ್ತಿರದ ಕುಟುಂಬದವರಿಗೂ ಅನ್ವಯಿಸುತ್ತದೆ. ಅರ್ಜಿ ಹಾಕುವ ಮೊದಲೇ ನಗರದ ಕಚೇರಿಗೆ ಬರೆದು ತಿಳಿಸಿ.