ಮನೆ ಕೊಟ್ಟರೆ ಊರು ಚೇತರಿಸಿಕೊಂಡಂತೆ ಆಯಿತೇ?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆ, ಮಲಪ್ರಭಾ ನದಿ ದಂಡೆಯ ಊರು. 2009ರ ನೆರೆ ನಂತರ ‘ಆಸರೆ’ ಯೋಜನೆಯಲ್ಲಿ ಬೇರೆ ಕಡೆ ಮನೆ ಕಟ್ಟಿಸಿದರು. ಆದರೂ ಎಷ್ಟೋ ಜನ ಹಳೇ ಊರಲ್ಲೇ ಇದ್ದಾರೆ. ‘ಪುನರ್ವಸತಿ ಮುಗಿದಿದೆ, ಇವರೇ ಹೋಗಲ್ಲ’ ಅಂತ ಅಧಿಕಾರಿಗಳು ಅನ್ನುತ್ತಾರೆ. ಚೇತರಿಕೆ ಯಾವಾಗ ಮುಗಿದಂತೆ ಲೆಕ್ಕ?

ಉತ್ತರ: ಜನ ಹಳೇ ಊರಲ್ಲೇ ಉಳಿದಿದ್ದಾರೆ ಅಂದಮೇಲೆ ಮುಗಿದಿಲ್ಲ. ಕಡತದಲ್ಲಿ ಏನೇ ಬರೆದಿರಲಿ.

ಕಾಳಜಿ ಕೇಂದ್ರ (ಸಂತ್ರಸ್ತರ ತಾತ್ಕಾಲಿಕ ಆಶ್ರಯ), ಊಟ, ಬಟ್ಟೆ, ಕೈಗೆ ಒಂದಿಷ್ಟು ಹಣ ಎಲ್ಲ ತುರ್ತು ಪರಿಹಾರ. ನೀರು ಇಳಿದು ಕೆಲವು ವಾರಕ್ಕೆ ಅದು ನಿಲ್ಲುತ್ತದೆ, ಟಿವಿಯವರೂ ಹೊರಡುತ್ತಾರೆ. ಚೇತರಿಕೆ ಶುರುವಾಗುವುದೇ ಆಗ. ಹೊಲದಲ್ಲಿ ಕೂತ ಹೂಳು ಹೋಗಬೇಕು, ಕೊಚ್ಚಿಹೋದ ಎಮ್ಮೆಯ ಜಾಗಕ್ಕೆ ಇನ್ನೊಂದು ಬರಬೇಕು, ಬೆಳೆಸಾಲಕ್ಕೆ ದಾರಿ ಆಗಬೇಕು, ಮಕ್ಕಳ ಶಾಲೆ ನಡೆಯಬೇಕು. ಮನೆ ಇದರಲ್ಲಿ ಒಂದು ಭಾಗ ಅಷ್ಟೇ. ಆದರೆ ಎಣಿಸಲು ಸುಲಭ, ಫೋಟೊಗೂ ಚೆನ್ನಾಗಿ ಬರುತ್ತದೆ. ಹಾಗಾಗಿ ಲೆಕ್ಕ ಅಲ್ಲಿಗೇ ನಿಂತುಬಿಡುತ್ತದೆ.

ಹೊಸ ಕಾಲೊನಿಯಲ್ಲಿ ದನ ಕಟ್ಟಲು ಜಾಗವಿಲ್ಲ, ಹೊಲ ದೂರ, ಕಣ ಇಲ್ಲ, ಮೇವಿನ ಬಣವೆ ಒಟ್ಟಲೂ ಜಾಗವಿಲ್ಲ ಅಂದರೆ ರೈತ ಅಲ್ಲಿಗೆ ಯಾಕೆ ಹೋಗಬೇಕು? ಅದನ್ನು ಹಟ ಅನ್ನುವುದು ಸರಿಯಲ್ಲ. ಹಾಗಂತ ಹಳೇ ಊರು ಸುರಕ್ಷಿತವೂ ಅಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಮತ್ತೆ ಪಟ್ಟದಕಲ್ಲು, ಐಹೊಳೆಯೊಳಗೆ ನುಗ್ಗಿತಲ್ವಾ? ಮತ್ತೆ ಅದೇ ಅಪಾಯದಲ್ಲಿ ಬದುಕು ಕಟ್ಟಿಕೊಂಡರೆ ಅದೂ ಅರ್ಧ ಚೇತರಿಕೆಯೇ. ವಿಪತ್ತಿನ ಅಪಾಯ ತಗ್ಗಿಸಲು 2015ರಲ್ಲಿ ಜಪಾನಿನ ಸೆಂಡೈಯಲ್ಲಿ ದೇಶಗಳು ಒಪ್ಪಿದ ಚೌಕಟ್ಟು ಕೂಡ ಮೊದಲಿಗಿಂತ ಗಟ್ಟಿಯಾಗಿ ಕಟ್ಟಿ ಎಂದೇ ಹೇಳುತ್ತದೆ.

ಗುಜರಾತಿನಲ್ಲಿ 2001ರ ಭೂಕಂಪದ ನಂತರ ಬಹುಪಾಲು ಹಳ್ಳಿಗಳು ಸ್ಥಳಾಂತರ ಬೇಡ ಅಂದವು. ಸರ್ಕಾರ ಹಣವನ್ನು ಕಂತಿನಲ್ಲಿ ಮನೆಯವರಿಗೇ ಕೊಟ್ಟಿತು. ಎಂಜಿನಿಯರ್ ಬಂದು ಕಟ್ಟಡ ನೋಡಿದ ಮೇಲೆ ಮುಂದಿನ ಕಂತು. ಗೌಂಡಿಗಳಿಗೆ ಭೂಕಂಪ ತಡೆಯುವಂತೆ ಕಟ್ಟುವ ತರಬೇತಿಯೂ ಸಿಕ್ಕಿತು. ನದಿ ದಂಡೆಗೆ ಇದನ್ನು ಹಾಗೇ ತರಲಾಗದು. ನೆರೆ ಬರುವ ಜಾಗ ಬಿಡಲೇಬೇಕಾಗಬಹುದು. ಆದರೆ ಮನೆ ಹೇಗಿರಬೇಕು ಅಂತ ಮನೆಯವರನ್ನೇ ಕೇಳುವುದಕ್ಕೆ ಯಾವ ನದಿಯೂ ಅಡ್ಡ ಬರಲ್ಲ.

ಹಣದ ಮಾತಿಗೆ ಬಂದರೆ, 15ನೇ ಹಣಕಾಸು ಆಯೋಗ 2021–26ಕ್ಕೆ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 40 ತುರ್ತು ಪರಿಹಾರಕ್ಕೆ, ಶೇ 30 ಚೇತರಿಕೆ ಮತ್ತು ಮರುನಿರ್ಮಾಣಕ್ಕೆ ಎಂದು ಬೇರೆ ಬೇರೆ ಇಟ್ಟಿತು. ಅದಕ್ಕೆ ಮೊದಲು ಆ ನಿಧಿಯ ಗಮನ ತುರ್ತು ಪರಿಹಾರದ ಮೇಲೇ ಜಾಸ್ತಿ ಇತ್ತು.

ನೀವು ಈಗ ಮಾಡಬಹುದಾದದ್ದು: ಹೊಸ ಮನೆಯ ಹಕ್ಕುಪತ್ರ ಕೈಗೆ ಬಂದಿದೆಯಾ, ಪಂಚಾಯಿತಿಯಲ್ಲಿ ಇ-ಸ್ವತ್ತು (ಆಸ್ತಿಯ ಕಂಪ್ಯೂಟರ್ ದಾಖಲೆ) ಆಗಿದೆಯಾ ನೋಡಿ. ಕೊಟ್ಟಿಗೆ ಜಾಗ, ಹೊಲದ ದಾರಿ, ಕುಡಿಯುವ ನೀರಿನ ಬೇಡಿಕೆಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಲ್ಲಿ ಮಾತ್ರ ಬಿಡಬೇಡಿ.