ಎರಡನೇ ಸಲ ಹಡಗು ಹತ್ತಿದ್ರೆ ಕ್ಯಾಪ್ಟನ್ ಪಾರ್ಟಿಗೆ ಕರೀತಾರಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕ್ರೂಸ್ ಬಗ್ಗೇನೇ. ಅದರಲ್ಲೂ ಒಂದು ಸಲ ಹೋಗಿ ಬಂದವರು ಇನ್ನೊಂದು ಸಲ ಹೊರಟಾಗ ಏನೇನು ಫ್ರೀ ಸಿಗುತ್ತೆ ಅನ್ನೋದೇ ಎಲ್ಲರ ತಲೆಬಿಸಿ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಕ್ಕೆ ಹಾಕಿ ಇವತ್ತು ಬರೀ ಹಡಗು.

ಪ್ರಶ್ನೆ: ನಮಸ್ಕಾರ ಸಾರ್. ನಾವು ಹ್ಯೂಸ್ಟನ್‌ನಲ್ಲಿದೀವಿ. ಎರಡು ವರ್ಷದ ಹಿಂದೆ ನಾನು, ನಮ್ಮ ಯಜಮಾನ್ರು ಗ್ಯಾಲ್ವೆಸ್ಟನ್‌ನಿಂದ ರಾಯಲ್ ಕೆರಿಬಿಯನ್‌ನಲ್ಲಿ ಏಳು ರಾತ್ರಿ ಹೋಗಿದ್ವಿ. ಈಗ ಮೈಸೂರಿಂದ ಅಪ್ಪ ಅಮ್ಮ ಬರ್ತಿದಾರೆ, ಅವರನ್ನೂ ಮಗನನ್ನೂ ಕರ್ಕೊಂಡು ಅದೇ ಕಂಪನಿ ಹಡಗಲ್ಲಿ ಹೋಗೋ ಪ್ಲಾನ್. ಹಳೇ ಪ್ಯಾಸೆಂಜರ್‌ಗಳಿಗೆ ಕ್ಯಾಪ್ಟನ್ ಕಾಕ್‌ಟೇಲ್ ಪಾರ್ಟಿ ಕೊಡ್ತಾರಂತೆ, ನಮಗೆ ಇನ್ವಿಟೇಶನ್ ಬರುತ್ತಾ, ಬಂದ್ರೆ ಅಪ್ಪ ಅಮ್ಮನ್ನ ಒಳಗೆ ಬಿಡ್ತಾರಾ?
ಹ್ಯೂಸ್ಟನ್‌ನಿಂದ ಒಬ್ಬ ಓದುಗರು

ಉತ್ತರ: ಬರಲ್ಲಮ್ಮ. ಮೊದಲೇ ಹೇಳಿಬಿಡ್ತೀನಿ, ಅಪ್ಪ ಅಮ್ಮನ ಹತ್ರ ಕ್ಯಾಪ್ಟನ್ ಜೊತೆ ಫೋಟೋ ಅಂತ ಆಸೆ ಹುಟ್ಟಿಸಿಬಿಟ್ಟು ಆಮೇಲೆ ಪೇಚಿಗೆ ಸಿಕ್ಕಬೇಡಿ.

ರಾಯಲ್ ಕೆರಿಬಿಯನ್‌ನವರ ಮೆಂಬರ್‌ಶಿಪ್‌ಗೆ ಕ್ರೌನ್ ಆಂಡ್ ಆಂಕರ್ ಸೊಸೈಟಿ ಅಂತ ಹೆಸರು, ಸೇರೋಕೆ ದುಡ್ಡಿಲ್ಲ. ಮಾಮೂಲಿ ರೂಮಲ್ಲಿ ಒಂದು ರಾತ್ರಿಗೆ ಒಂದು ಪಾಯಿಂಟ್, ಸೂಟ್ (ದೊಡ್ಡ ಐಷಾರಾಮಿ ರೂಮು) ತಗೊಂಡ್ರೆ ಎರಡು. 3 ಪಾಯಿಂಟ್ ಆದ್ರೆ ಗೋಲ್ಡ್, 30ಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700 ಮುಟ್ಟಿದವರು ಪಿನಾಕಲ್. ನಿಮ್ಮದು ಏಳು ರಾತ್ರಿ, ಅಂದ್ರೆ 7 ಪಾಯಿಂಟ್, ನೀವು ಗೋಲ್ಡ್. ಹೆಸರು ಕೇಳೋಕೆ ಭರ್ಜರಿ, ಆದ್ರೆ ಇದು ಕೆಳಗಿನ ಮೆಟ್ಟಿಲು, ನಾಲ್ಕು ದಿನದ ಟ್ರಿಪ್ ಮಾಡಿ ಬಂದವರೆಲ್ಲ ಗೋಲ್ಡೇ. ಪಾರ್ಟಿಗೆ ಕರೆಯೋದು ಡೈಮಂಡ್ ಮತ್ತು ಅದಕ್ಕಿಂತ ಮೇಲಿನವರನ್ನ.

ಹಿಂದೆ ಹೀಗಿರಲಿಲ್ಲ. ಹಡಗು ಚಿಕ್ಕದಿದ್ದಾಗ ಎರಡನೇ ಸಲ ಬಂದವರನ್ನೂ ಹಳೇ ನೆಂಟರ ಹಾಗೆ ಕರೆದು ಕೈಗೊಂದು ಗ್ಲಾಸ್ ಕೊಡೋರು, ಒಂದು ಹಾಲ್‌ನಲ್ಲಿ ಎಲ್ಲರೂ ಹಿಡೀತಿದ್ರು. ಈಗ 2024ರಲ್ಲಿ ಬಂದ ಐಕಾನ್ ಆಫ್ ದ ಸೀಸ್ ಒಂದರಲ್ಲೇ ರೂಮಿಗೆ ಇಬ್ಬರು ಅಂತ ಲೆಕ್ಕ ಹಾಕಿದ್ರೂ ಐದೂವರೆ ಸಾವಿರಕ್ಕಿಂತ ಹೆಚ್ಚು ಜನ, ಅದರಲ್ಲಿ ಮೊದಲೇ ಬಂದವರು ಎಷ್ಟು ಜನ ಇರ್ತಾರೋ, ಎಲ್ಲರನ್ನೂ ಕರೆದ್ರೆ ಥಿಯೇಟರ್ ಕೂಡ ಸಾಲಲ್ಲ. ಅದಕ್ಕೇ ಗೆರೆ ಮೇಲಕ್ಕೆ ಹೋಗ್ತಾ ಹೋಗ್ತಾ ಡೈಮಂಡ್‌ಗೆ ಬಂದು ನಿಂತಿದೆ.

ಇನ್ನು ಅಪ್ಪ ಅಮ್ಮ. ಸ್ಟೇಟಸ್, ಅಂದ್ರೆ ಈ ಗೋಲ್ಡ್ ಡೈಮಂಡ್ ಮೆಟ್ಟಿಲು, ಹಂಚಿಕೊಳ್ಳೋದು ಒಂದೇ ಮನೆ ವಿಳಾಸದಲ್ಲಿರೋ ಗಂಡ ಹೆಂಡತಿಗೆ, 18 ದಾಟದ ಮಕ್ಕಳಿಗೆ. ಮಗ ಚಿಕ್ಕವನಾದ್ರೆ ನಿಮ್ಮ ಗೋಲ್ಡ್ ಅವನಿಗೂ ಬರುತ್ತೆ, ಕಸ್ಟಮರ್ ಕೇರ್‌ಗೆ ಹೇಳಿ ಅಕೌಂಟ್ ಲಿಂಕ್ ಮಾಡಿಸಿ. ಮೈಸೂರಿನ ವಿಳಾಸದ ಅಪ್ಪ ಅಮ್ಮ ಸೊನ್ನೆಯಿಂದಲೇ ಶುರು ಮಾಡಬೇಕು. ಅವರ ಹೆಸರಲ್ಲೂ ಈಗಲೇ ಮೆಂಬರ್ ನಂಬರ್ ಮಾಡಿಸಿ ಬುಕಿಂಗ್‌ಗೆ ಸೇರಿಸಿಬಿಡಿ, ಮುಂದೆ ಅಮ್ಮ ಒಬ್ಬರೇ ತಂಗಿ ಜೊತೆ ಹೋದ್ರೂ ಲೆಕ್ಕಕ್ಕೆ ಬರುತ್ತೆ.

ಪಾರ್ಟಿ ಹೇಗಿರುತ್ತೆ ಅಂತಾನೂ ಹೇಳ್ತೀನಿ, ಏನೋ ಕಳ್ಕೊಂಡ್ವಿ ಅಂತ ಅನ್ನಿಸಬಾರದು ನೋಡಿ. ಮುಕ್ಕಾಲು ಗಂಟೆ ಅಷ್ಟೇ. ಸಂಜೆ ಊಟಕ್ಕೆ ಮುಂಚೆ ಒಂದು ಲೌಂಜ್‌ನಲ್ಲಿ ಸೇರಿಸ್ತಾರೆ, ಟ್ರೇನಲ್ಲಿ ಸ್ಪಾರ್ಕ್ಲಿಂಗ್ ವೈನು, ರಮ್ ಪಂಚ್ ಸುತ್ತುತ್ತಾ ಇರುತ್ತೆ, ಬ್ಯಾಂಡ್ ನಾಲ್ಕು ಹಾಡು ಬಾರಿಸುತ್ತೆ, ಕ್ಯಾಪ್ಟನ್ ಬಂದು ಚೀಫ್ ಎಂಜಿನಿಯರ್, ಹೋಟೆಲ್ ಡೈರೆಕ್ಟರ್ ಎಲ್ಲರನ್ನೂ ಪರಿಚಯ ಮಾಡಿಸಿ ಒಂದೆರಡು ಜೋಕ್ ಹೊಡೆದು, ಈ ಹಡಗಲ್ಲಿ ಅತಿ ಹೆಚ್ಚು ರಾತ್ರಿ ಕಳೆದವರು ಇವರು ಅಂತ ಯಾರನ್ನಾದ್ರೂ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸ್ತಾರೆ. ಆಮೇಲೆ ಫೋಟೋಗೆ ಕ್ಯೂ, ಥೇಟ್ ನಮ್ಮ ಆರತಕ್ಷತೆ ಸ್ಟೇಜು, ಗಿಫ್ಟ್ ಕವರ್ ಒಂದು ಇಲ್ಲ. ನಿಮ್ಮ ಅಪ್ಪನಿಗೆ ಕ್ಯಾಪ್ಟನ್‌ನ ನೋಡಲೇಬೇಕು ಅಂತಿದ್ರೆ ಪಾರ್ಟಿ ಬೇಕಾಗಿಲ್ಲ, ಎಷ್ಟೋ ಹಡಗಲ್ಲಿ ಫಾರ್ಮಲ್ ನೈಟ್ ಅಂತ ಎಲ್ಲರೂ ಚೆನ್ನಾಗಿ ಡ್ರೆಸ್ ಮಾಡ್ಕೊಂಡು ಬರೋ ದಿನ ಎಲ್ಲರಿಗೂ ಕಾಣೋ ಹಾಗೆ ಬಂದು ನಿಲ್ತಾರೆ. ದಿನದ ಕಾರ್ಯಕ್ರಮ ಆ್ಯಪ್‌ನಲ್ಲಿರುತ್ತೆ, ನೋಡ್ಕೊಳ್ಳಿ.

ಪ್ರಶ್ನೆ: ನಮ್ಮ ಮನೇಲಿ ಯಾರೂ ಕುಡಿಯಲ್ಲ. ಈ ಕಾಕ್‌ಟೇಲು, ಡ್ರಿಂಕ್ಸ್ ಕೂಪನ್ನು ಎಲ್ಲ ನಮಗೆ ದಂಡ ಅಲ್ವಾ?
ಶಿರಸಿಯ ಓದುಗರು

ಉತ್ತರ: ಪಾರ್ಟಿ ಮಟ್ಟಿಗೆ ಸ್ವಲ್ಪ ದಂಡವೇ. ಜ್ಯೂಸು, ಮದ್ಯ ಇಲ್ಲದ ಮಾಕ್‌ಟೇಲು ಕೇಳಿದ್ರೆ ತಂದು ಕೊಡ್ತಾರೆ, ಕೇಳಬೇಕು ಅಷ್ಟೇ. ಟ್ರೇನಲ್ಲಿ ಕೆಂಪಗೆ ಕಾಣೋದೆಲ್ಲ ಕಲ್ಲಂಗಡಿ ಜ್ಯೂಸ್ ಅಂತ ಎತ್ತಿಕೋಬೇಡಿ, ಮೊದಲು ಕೇಳಿ. ತಿಂಡಿ ತಟ್ಟೇಲೂ ಸಿಗಡಿ, ಸಾಲ್ಮನ್ ಇರೋದು ಮಾಮೂಲು.

ಆದ್ರೆ ಡ್ರಿಂಕ್ಸ್ ಕೂಪನ್ ದಂಡ ಅಲ್ಲ. ರಾಯಲ್ ಕೆರಿಬಿಯನ್‌ನಲ್ಲಿ ಡೈಮಂಡ್ ಆದವರಿಗೆ ದಿನಕ್ಕೆ ನಾಲ್ಕು, ಡೈಮಂಡ್ ಪ್ಲಸ್‌ಗೆ ಐದು, ಪಿನಾಕಲ್‌ಗೆ ಆರು ಡ್ರಿಂಕ್ ಫ್ರೀ, ರೂಮ್ ಕಾರ್ಡಿಗೇ ಹಾಕಿರ್ತಾರೆ. ಅದಕ್ಕೆ ಕ್ಯಾಪುಚಿನೋ, ಕೋಕ್, ಮಾಕ್‌ಟೇಲ್ ಕೂಡ ತಗೋಬಹುದು. ಗಂಡ ಹೆಂಡತಿ ಇಬ್ಬರೂ ಡೈಮಂಡ್ ಆಗಿದ್ರೆ ದಿನಕ್ಕೆ ಎಂಟು, ಕಾಫಿಪ್ರಿಯರಿಗೆ ಇದಕ್ಕಿಂತ ಏನು ಬೇಕು ಹೇಳಿ. ಫಿಲ್ಟರ್ ಕಾಫಿ ಮಾತ್ರ ಕೇಳಬೇಡಿ.

ಕುಡಿಯದವರಿಗೆ ನಿಜವಾಗ್ಲೂ ಉಪಯೋಗಕ್ಕೆ ಬರೋದು ಬೇರೆ. ಪ್ರಿನ್ಸೆಸ್ ಕಂಪನಿಯ ಮೇಲಿನ ಮೆಟ್ಟಿಲಾದ ಎಲೀಟ್ ಮೆಂಬರ್‌ಗಳಿಗೆ, ಹಾಲೆಂಡ್ ಅಮೆರಿಕ ಅನ್ನೋ ಕಂಪನೀಲಿ ನಾಲ್ಕು ಸ್ಟಾರ್ ಮೆಟ್ಟಿಲು ಮುಟ್ಟಿದವರಿಗೆ ಬಟ್ಟೆ ಒಗೆಯೋದು ಫ್ರೀ. ನಗಬೇಡಿ. ಎರಡು ವಾರದ ಅಲಾಸ್ಕಾ ಟ್ರಿಪ್‌ನಲ್ಲಿ ಚೀಲ ತುಂಬಿ ಬಾಗಿಲ ಹೊರಗಿಟ್ರೆ ಒಗೆದು ಮಡಚಿ ವಾಪಸ್ ಬರುತ್ತೆ ಅಂದ್ರೆ ಸೂಟ್‌ಕೇಸೇ ಅರ್ಧ ಆಗುತ್ತೆ. ನನ್ನ ಕೇಳಿದ್ರೆ ಹತ್ತು ಕಾಕ್‌ಟೇಲ್ ಪಾರ್ಟಿಗಿಂತ ಇದೇ ಮೇಲು.

ಪ್ರಶ್ನೆ: ಕಾರ್ಡೇಲಿಯಾ ಹಡಗಲ್ಲಿ ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗಿ ಬಂದ್ವಿ. ಆ ಹಡಗು ಮೊದಲು ರಾಯಲ್ ಕೆರಿಬಿಯನ್‌ದೇ ಆಗಿತ್ತಂತೆ. ಹಾಗಾದ್ರೆ ನಮಗೆ ಆ ಪಾಯಿಂಟ್ ಬರಬೇಕಲ್ವಾ?
ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮ ತಲೆಗೆ ಒಂದು ಸಲಾಂ ರೀ! ಹಡಗಿನ ಕಥೆ ನಿಜ, 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅಂತ ಶುರುವಾಗಿ ಆಮೇಲೆ ಎಂಪ್ರೆಸ್ ಆಫ್ ದ ಸೀಸ್ ಆಗಿ ಅವರ ಹತ್ರಾನೇ ಇತ್ತು, ಮಾರಾಟ ಆದ್ಮೇಲೆ 2021ರಿಂದ ಕಾರ್ಡೇಲಿಯಾ ಕಂಪನೀಲಿ ಎಂಪ್ರೆಸ್ ಅಂತ ಓಡ್ತಿದೆ. ಆದ್ರೆ ಪಾಯಿಂಟ್ ಬರೋದು ಟಿಕೆಟ್ ಮಾರಿದ ಕಂಪನಿಯಿಂದ, ಹಡಗಿನ ಕಬ್ಬಿಣದಿಂದ ಅಲ್ಲ.

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ರಿಟೈರ್ಡ್. ವರ್ಷಕ್ಕೊಂದು ಕ್ರೂಸ್ ಮಾಡೋ ಯೋಚನೆ. ಪರ್ಕ್ಸ್ (ಫ್ರೀ ಸವಲತ್ತು) ಸಿಗೋಕೆ ಒಂದೇ ಕಂಪನೀನ ಹಿಡ್ಕೊಂಡು ಹೋಗೋದು ಒಳ್ಳೇದೋ, ಯಾವುದು ಚೀಪೋ ಅದಕ್ಕೆ ಹೋಗೋದೋ? ಟ್ರಾವೆಲ್ ಏಜೆಂಟ್ ಲಾಯಲ್ಟಿ ಬಿಡಬೇಡಿ ಅಂತಾನೆ.
ಜಯನಗರದಿಂದ, ಹೆಸರು ಬೇಡ

ಉತ್ತರ: ಲೆಕ್ಕ ನೀವೇ ಹಾಕಿ ಸಾರ್. ವರ್ಷಕ್ಕೆ ಏಳು ರಾತ್ರಿ ಅಂದ್ರೆ 80 ಪಾಯಿಂಟ್ ಆಗೋಕೆ ಹನ್ನೊಂದು ಹನ್ನೆರಡು ವರ್ಷ. ಆಮೇಲೆ ಸಿಗೋದೇನು? ಬಾರ್‌ನಲ್ಲಿ ಒಂದು ಕಾಕ್‌ಟೇಲ್‌ಗೆ 14 ಡಾಲರ್ ಆಸುಪಾಸು, ನಾಲ್ಕು ಅಂದ್ರೆ 56, ವಾರಕ್ಕೆ ಒಬ್ಬರಿಗೆ 390 ಡಾಲರ್ ಚಿಲ್ಲರೆ ಉಳಿತಾಯ, ಅದೂ ನೀವು ದಿನಾ ನಾಲ್ಕೂ ಕುಡಿದ್ರೆ. ಬೆಂಗಳೂರಿಂದ ಮಯಾಮಿಗೆ ಇಬ್ಬರ ವಿಮಾನ ಟಿಕೆಟ್ ಮುಂದೆ ಇದು ಯಾವ ಮೂಲೆಗೆ? ಪಾಯಿಂಟ್ ಬೇಗ ಬರ್ಲಿ ಅಂತ ದುಬಾರಿ ಸೂಟ್ ತಗೊಳ್ಳೋರಿದಾರೆ, ಹತ್ತು ರೂಪಾಯಿ ಉಳಿಸೋಕೆ ನೂರು ಖರ್ಚು ಮಾಡೋ ಕೆಲಸ ಅದು. ಸೂಟ್ ಬೇಕು ಅನ್ನಿಸಿದ್ರೆ ಸೂಟ್‌ಗೋಸ್ಕರ ತಗೊಳ್ಳಿ.

ಇನ್ನೊಂದು ವಿಷಯ, ನಿಯಮ ಬರೆಯೋರು ಅವರು, ಯಾವಾಗ ಬೇಕಾದ್ರೂ ತಿದ್ದಬಹುದು. ಕಾರ್ನಿವಲ್ ಅನ್ನೋ ಇನ್ನೊಂದು ಕಂಪನೀಲಿ 75 ಪಾಯಿಂಟ್‌ಗೆ ಪ್ಲಾಟಿನಂ, 200ಕ್ಕೆ ಡೈಮಂಡ್, ಒಂದು ಸಲ ಏರಿದ್ರೆ ಇಳಿಯೋ ಮಾತೇ ಇಲ್ಲ ಅಂತ ಜನ ನಂಬಿಕೊಂಡು ವರ್ಷಗಟ್ಟಲೆ ಓಡಾಡಿದ್ರು. 2025ರಲ್ಲಿ ಕಂಪನಿ ಏನು ಹೇಳ್ತು, ಇನ್ನು ಮೇಲೆ ಎಷ್ಟು ರಾತ್ರಿ ಮಲಗಿದ್ರಿ ಅನ್ನೋದಲ್ಲ, ಎಷ್ಟು ಖರ್ಚು ಮಾಡಿದ್ರಿ ಅನ್ನೋದು ಲೆಕ್ಕ, ಸ್ಟೇಟಸ್ ಕೂಡ ಕಾಯಂ ಅಲ್ಲ, ವಿಮಾನ ಕಂಪನಿಗಳ ಥರ ಮತ್ತೆ ಮತ್ತೆ ಗಳಿಸ್ಕೋಬೇಕು ಅಂತ. ಹಳೇ ಗಿರಾಕಿಗಳು ಕೆಂಡ ಆದ್ರು, ಆಗದೇ ಇರ್ತಾರಾ. ನಮ್ಮ ದೇಶದ್ದೇ ಜಲೇಶ್ ಕ್ರೂಸಸ್ ನೋಡಿ, 2019ರಲ್ಲಿ ಕರ್ಣಿಕಾ ಹಡಗಿನ ಜೊತೆ ಜೋರಾಗಿ ಶುರುವಾಯ್ತು, ಕೋವಿಡ್ ಬಂದು 2020ರಲ್ಲಿ ಬಾಗಿಲು ಹಾಕ್ತು. ಕಂಪನಿನೇ ಇಲ್ಲ ಅಂದ್ಮೇಲೆ ಹಳೇ ಪ್ಯಾಸೆಂಜರ್ ಅನ್ನೋ ಮರ್ಯಾದೆ ಎಲ್ಲಿಂದ ಬರಬೇಕು?

ಹಾಗಂತ ಮೆಂಬರ್ ಆಗಬೇಡಿ ಅಂತಲ್ಲ, ಎಲ್ಲ ಕಂಪನೀಲೂ ಫ್ರೀಯಾಗಿ ಹೆಸರು ಹಾಕಿಡಿ. ಕೆಲವು ಅಕ್ಕ ತಂಗಿ ಕಂಪನಿಗಳೂ ಇವೆ, ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಸಿಲ್ವರ್‌ಸೀ ಮೂರೂ ಒಂದೇ ಗುಂಪು, 2024ರಲ್ಲಿ ಒಂದರ ಸ್ಟೇಟಸ್‌ಗೆ ಇನ್ನೊಂದರಲ್ಲೂ ಸಮನಾದ ಸ್ಟೇಟಸ್ ಕೊಡ್ತೀವಿ ಅಂದ್ರು. ಆದ್ರೆ ಯಾವ ಊರು ನೋಡಬೇಕು, ಯಾವ ತಿಂಗಳು, ಬೆಲೆ ಎಷ್ಟು, ಈ ಮೂರು ನೋಡಿ ಬುಕ್ ಮಾಡಿ, ಪಾಯಿಂಟ್ ತಾನಾಗಿ ಬಂದ್ರೆ ಬರ್ಲಿ. ಏಜೆಂಟ್ ಮಾತಿಗೆ ಏಜೆಂಟ್ ಕಮಿಷನ್ ಕಾರಣ ಇರಬಹುದು, ನಾನು ಹೇಳೋಕೆ ಹೋಗಲ್ಲ.

ಪ್ರಶ್ನೆ: ಕ್ರೂಸ್ ಕಂಪನಿ ಶೇರ್ ಇದ್ರೆ ಹಡಗಲ್ಲಿ ದುಡ್ಡು ಕೊಡ್ತಾರೆ ಅಂತ ಭಾವ ಹೇಳ್ತಿದ್ದ. ರೀಲ್ ಬಿಡ್ತಿದಾನಾ?
ದಾವಣಗೆರೆಯ ಓದುಗರು

ಉತ್ತರ: ಇಲ್ಲ, ಈ ಸಲ ಭಾವ ನಿಜ ಹೇಳಿದಾರೆ. ಕಾರ್ನಿವಲ್ ಕಾರ್ಪೊರೇಷನ್‌ದು ಕನಿಷ್ಠ 100 ಶೇರ್ ಇದ್ರೆ ಆ ಗುಂಪಿನ ಹಡಗುಗಳಲ್ಲಿ ಆರು ದಿನದವರೆಗಿನ ಟ್ರಿಪ್‌ಗೆ 50 ಡಾಲರ್, ಏಳರಿಂದ ಹದಿಮೂರು ದಿನಕ್ಕೆ 100, ಹದಿನಾಲ್ಕು ಅಥವಾ ಅದಕ್ಕಿಂತ ಹೆಚ್ಚಾದ್ರೆ 250 ಡಾಲರ್ ಆನ್‌ಬೋರ್ಡ್ ಕ್ರೆಡಿಟ್ (ಹಡಗಲ್ಲೇ ಖರ್ಚು ಮಾಡೋ ದುಡ್ಡು) ಕೊಡ್ತಾರೆ. ತಲೆಗಲ್ಲ, ರೂಮಿಗೆ. ತಾನಾಗಿ ಬರಲ್ಲ, ಶೇರ್ ಇರೋ ಪುರಾವೆ ಜೊತೆ ಹೊರಡೋ ಮುಂಚೆನೇ ಅರ್ಜಿ ಹಾಕಬೇಕು. ಕ್ಯಾಸಿನೋಗೆ, ಟಿಪ್ಸ್‌ಗೆ ನಡೆಯಲ್ಲ. ಮೊದಲನೇ ಸಲ ಹೋಗೋರಿಗೂ ಸಿಗುತ್ತೆ ಅನ್ನೋದೇ ಇದರ ಮಜಾ. ಬರೀ ಇದಕ್ಕೋಸ್ಕರ ಅಮೆರಿಕದ ಶೇರ್ ತಗೋಬೇಡಿ ಮತ್ತೆ, ಶೇರ್ ಬಿದ್ರೆ ಕಂಪನಿಯವರು ಸಮಾಧಾನಕ್ಕೂ ಬರಲ್ಲ.

ಪ್ರಶ್ನೆ: ಹೋದ ಸಲ ಪಾರ್ಟಿಗೆ ಕರೆದು, ಮುಂದಿನ ಕ್ರೂಸ್ ಇಲ್ಲೇ ಬುಕ್ ಮಾಡಿ ಅಂತ ಒಬ್ಬರು ಹಿಂದೆ ಬಿದ್ರು. ಹಡಗಲ್ಲೇ ಬುಕ್ ಮಾಡೋದು ಲಾಭಾನಾ?
ನ್ಯೂಜೆರ್ಸಿಯ ಓದುಗರು

ಉತ್ತರ: ಪಾರ್ಟಿ ಇಡೋದು ಯಾಕೆ ಅಂದ್ಕೊಂಡ್ರಿ ಮತ್ತೆ? ಗ್ಲಾಸ್ ಕೈಲಿರೋವಾಗ ಗಿರಾಕಿ ಖುಷಿಯಾಗಿರ್ತಾನೆ. ಆದ್ರೂ ಇದರಲ್ಲಿ ಮೋಸ ಇಲ್ಲ, ಹಡಗಲ್ಲಿ ಕಡಿಮೆ ಡೆಪಾಸಿಟ್, ಜೊತೆಗೆ ಮುಂದಿನ ಟ್ರಿಪ್‌ಗೆ ಸ್ವಲ್ಪ ಕ್ರೆಡಿಟ್ ಕೊಡೋದುಂಟು. ಪ್ರಿನ್ಸೆಸ್, ಹಾಲೆಂಡ್ ಅಮೆರಿಕದಂಥವರು ತಲೆಗೆ 100 ಡಾಲರ್ ಇಟ್ಟು ಹೋಗಿ, ಯಾವ ಹಡಗು ಯಾವ ತಾರೀಕು ಅಂತ ಆಮೇಲೆ ಹೇಳಿ ಅಂತಾರೆ. ಮತ್ತೆ ಹೋಗೋದು ಗ್ಯಾರಂಟಿ ಅಂದ್ರೆ ಮಾಡಿ. ವಾಪಸ್ ಕೊಡ್ತಾರಾ, ಎಷ್ಟು ದಿನ ಚಾಲ್ತಿ ಇರುತ್ತೆ, ನಿಮ್ಮ ಏಜೆಂಟ್‌ಗೆ ವರ್ಗಾಯಿಸಬಹುದಾ, ಈ ಮೂರೂ ಬರಹದಲ್ಲಿ ನೋಡದೆ ಸಹಿ ಹಾಕಬೇಡಿ.

ಪ್ರಶ್ನೆ: ನನ್ನ ತಮ್ಮ ಹಡಗಲ್ಲಿ ಬಾರ್ ವೇಟರ್. ಈ ಫ್ರೀ ಡ್ರಿಂಕ್ಸ್‌ನಲ್ಲಿ ಅವನಂಥವರಿಗೆ ಏನು ಸಿಗುತ್ತೆ, ಯಾರಾದ್ರೂ ಯೋಚಿಸ್ತಾರಾ?
ಮಂಗಳೂರಿನ ಓದುಗರು

ಉತ್ತರ: ಒಳ್ಳೇ ಪ್ರಶ್ನೆ ಅಕ್ಕ. ನಮ್ಮ ಕರಾವಳಿಯ ಎಷ್ಟು ಮನೆಗಳಲ್ಲಿ ಒಬ್ಬರಾದ್ರೂ ಶಿಪ್ಪಲ್ಲಿದಾರೆ. ರಾಯಲ್ ಕೆರಿಬಿಯನ್‌ನಲ್ಲಿ ದುಡ್ಡು ಕೊಟ್ಟು ಡ್ರಿಂಕ್ ತಗೊಂಡ್ರೆ ಬಿಲ್ಲಿಗೆ 18 ಪರ್ಸೆಂಟ್ ಟಿಪ್ಸ್ ಸೇರುತ್ತೆ, ಪಾರ್ಟಿಯ ಫ್ರೀ ಗ್ಲಾಸಿಗೆ ಬಿಲ್ಲೇ ಇಲ್ಲ. ದಿನಕ್ಕೆ ತಲೆಗೆ ಇಷ್ಟು ಅಂತ ಗ್ರಾಟ್ಯುಟಿ (ಸಿಬ್ಬಂದಿಗೆ ಹಂಚೋ ಟಿಪ್ಸ್) ಬೇರೆ ಇದೆ, ಅದನ್ನ ತೆಗೆಸಿಬಿಡ್ತೀನಿ ಅಂತ ಗೆಸ್ಟ್ ಸರ್ವೀಸ್ ಮುಂದೆ ನಿಲ್ಲೋ ನಮ್ಮವರನ್ನ ಕಂಡ್ರೆ ನನಗೆ ಕೋಪ ಬರುತ್ತೆ. ಪಾರ್ಟೀಲಿ ಮೂರು ಗ್ಲಾಸ್ ತಗೊಂಡೋರು ಟ್ರೇ ಹಿಡಿದ ಹುಡುಗನಿಗೆ ಎರಡು ಡಾಲರ್ ಕೊಟ್ರೆ ಆಸ್ತಿ ಕರಗಲ್ಲ.

ಪ್ರಶ್ನೆ: ಅತಿ ಹೆಚ್ಚು ಸಲ ಹಡಗು ಹತ್ತಿದವರು ಯಾರು?
ಕೋಲಾರದ ಓದುಗರು

ಉತ್ತರ: ಹೆಸರುವಾಸಿ ಅಂದ್ರೆ ಮಾರಿಯೋ ಸಾಲ್ಸೆಡೊ, ಸೂಪರ್ ಮಾರಿಯೋ ಅಂತಾನೇ ಕರೀತಾರೆ. ತೊಂಬತ್ತರ ದಶಕದಲ್ಲಿ ಕೆಲಸ ಬಿಟ್ಟು ಶುರು ಮಾಡಿ ರಾಯಲ್ ಕೆರಿಬಿಯನ್‌ನಲ್ಲಿ ಒಂಬೈನೂರಕ್ಕೂ ಹೆಚ್ಚು ಟ್ರಿಪ್ ಮಾಡಿದಾರೆ, ಹೂಡಿಕೆ ನೋಡಿಕೊಳ್ಳೋ ಕೆಲಸವನ್ನ ಡೆಕ್ ಮೇಲೇ ಟೇಬಲ್ ಹಾಕ್ಕೊಂಡು ಮಾಡ್ತಾರೆ. ಅಷ್ಟು ಪಾರ್ಟಿ ತಡ್ಕೊಂಡಿದಾರಲ್ಲ, ಅದಕ್ಕೇ ಒಂದು ಪದಕ ಕೊಡಬೇಕು.

ಪ್ರಶ್ನೆ: ಮಗನಿಗೆ 19. ನಮ್ಮ ಜೊತೆ ಪಾರ್ಟಿಗೆ ಬಂದ್ರೆ ಅವನಿಗೂ ಡ್ರಿಂಕ್ಸ್ ಕೊಡ್ತಾರಾ? ಇನ್ನೊಂದು, ನಾನು ಸೀರೆ ಉಟ್ಕೊಂಡು ಹೋಗಬಹುದಾ?
ವೈಟ್‌ಫೀಲ್ಡ್‌ನ ಓದುಗರು

ಉತ್ತರ: ಎಲ್ಲಿಂದ ಹತ್ತುತೀರ ಅನ್ನೋದರ ಮೇಲಿದೆ. ರಾಯಲ್ ಕೆರಿಬಿಯನ್‌ನಲ್ಲಿ ಅಮೆರಿಕದ ಬಂದರಿಂದ ಹೊರಟ್ರೆ 21 ಆಗಿರಬೇಕು, ಸಿಂಗಾಪುರದಿಂದ ಅಥವಾ ಯುರೋಪಿನಿಂದ ಆದ್ರೆ 18 ಸಾಕು. ಕೊಡಿಸಬೇಕೋ ಬೇಡ್ವೋ ಅನ್ನೋದು ನಿಮ್ಮ ಮನೆ ವಿಷಯ. ಸೀರೆ ಧಾರಾಳವಾಗಿ ಉಟ್ಕೊಳ್ಳಿ, ಫಾರ್ಮಲ್ ನೈಟ್‌ಗೆ ರೇಷ್ಮೆ ಸೀರೆಗಿಂತ ಚೆನ್ನಾಗಿರೋ ಡ್ರೆಸ್ ಇಲ್ಲ, ಯಜಮಾನ್ರು ಪಂಚೆ ಶಲ್ಯದಲ್ಲಿ ಬಂದ್ರೂ ಯಾರೂ ತಡೆಯಲ್ಲ. ಹಡಗು ಸ್ವಲ್ಪ ತೂಗಾಡುತ್ತೆ, ಹೈ ಹೀಲ್ಸ್ ಬೇಡ.