ಕಟ್ಟಡ ಕಟ್ಟುವ ಮೊದಲು ಪುರಾತತ್ವದವರು ಜಾಗದಲ್ಲಿ ಅಲ್ಲಲ್ಲಿ ಉದ್ದುದ್ದ ಟ್ರೆಂಚ್ ತೋಡುವುದು ಯಾಕೆ? ಇಡೀ ಜಾಗ ಯಾಕೆ ಅಗೆಯುವುದಿಲ್ಲ?

ನೆಲದಡಿ ಹಳೆಯ ಕಾಲದ್ದು ಏನಾದರೂ ಇದೆಯಾ, ಇದ್ದರೆ ಎಷ್ಟು ಆಳದಲ್ಲಿದೆ, ಎಷ್ಟು ಉಳಿದಿದೆ ಅಂತ ಅಡಿಪಾಯ ಬೀಳುವ ಮೊದಲೇ ತಿಳಿಯಲು. ನಿಧಿ ಹುಡುಕಲು ಅಲ್ಲ! ಇಡೀ ಜಾಗ ಅಗೆಯುವುದು ದುಬಾರಿ, ಮೇಲಾಗಿ ಒಮ್ಮೆ ಅಗೆದದ್ದನ್ನು ಮತ್ತೆ ಮೊದಲಿನಂತೆ ಮಾಡಲು ಆಗುವುದಿಲ್ಲ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಜಾಗದ ಶೇ. 2ರಿಂದ 5ರಷ್ಟು ಮಾತ್ರ ತೆಗೆದು ನೋಡುತ್ತಾರೆ.

ಅಷ್ಟು ಸ್ವಲ್ಪದಲ್ಲಿ ಏನು ಗೊತ್ತಾಗುತ್ತದೆ ಅನ್ನಿಸಬಹುದು ಅಲ್ವಾ? ಗುಟ್ಟು ಮಣ್ಣಿನ ಬಣ್ಣದಲ್ಲಿದೆ. ಯಾರೋ ಒಮ್ಮೆ ಗುಂಡಿ ತೋಡಿದರೆ, ಆಮೇಲೆ ಅದು ತುಂಬಿಕೊಂಡರೂ ಆ ಮಣ್ಣು ಸುತ್ತಲಿನ ಗಟ್ಟಿ ಮಣ್ಣಿನ ಹಾಗೆ ಕಾಣುವುದಿಲ್ಲ. ಮರದ ಕಂಬ ಕೊಳೆತು ಹೋಗಿ ಸಾವಿರ ವರ್ಷ ಕಳೆದರೂ ಅಲ್ಲಿ ಗುಂಡನೆಯ ಕಪ್ಪು ಕಲೆ ಉಳಿದಿರಬಹುದು. ಅದು ಕಾಣಲಿ ಅಂತಲೇ ಜೆಸಿಬಿಗೆ ಹಲ್ಲಿಲ್ಲದ ಬಕೆಟ್ ಹಾಕಿ, ಮೇಲ್ಮಣ್ಣನ್ನು ತೆಳ್ಳಗೆ ಪದರ ಪದರವಾಗಿ ಕೆರೆಯುತ್ತಾರೆ, ಪಕ್ಕದಲ್ಲಿ ಒಬ್ಬರು ಕಣ್ಣು ಕೀಲಿಸಿ ನಿಂತಿರುತ್ತಾರೆ. ಕಲೆ ಕಂಡರೆ ಮುಂದಿನದು ಕೈಯಿಂದಲೇ.

ಟ್ರೆಂಚ್ ಉದ್ದಕ್ಕೆ ಇರುವುದಕ್ಕೂ ಕಾರಣ ಇದೆ: ಹಳೆಯ ಗೋಡೆ, ದಾರಿ, ಕಾಲುವೆ ಇವೆಲ್ಲ ದೂರದವರೆಗೆ ಹಬ್ಬಿರುತ್ತವೆ, ಎಲ್ಲಾದರೂ ಒಂದು ಕಡೆ ಅಡ್ಡ ಸಿಗುವ ಸಾಧ್ಯತೆ ಹೆಚ್ಚು. ಆದರೆ ಒಂಟಿ ಸಮಾಧಿಯಂಥ ಸಣ್ಣದು ಎರಡು ಟ್ರೆಂಚ್‌ಗಳ ನಡುವೆ ತಪ್ಪಿಸಿಕೊಳ್ಳಬಹುದು. ಹಾಗಾಗಿ 'ಏನೂ ಸಿಗಲಿಲ್ಲ' ಅಂದರೆ 'ಏನೂ ಇಲ್ಲ' ಅಂತಲ್ಲ. ಏನಾದರೂ ಮುಖ್ಯವಾದದ್ದು ಸಿಕ್ಕರೆ ಆ ಭಾಗವನ್ನಷ್ಟೇ ಪೂರ್ತಿ ಅಗೆಯುತ್ತಾರೆ, ಇಲ್ಲವೇ ಕಟ್ಟಡದ ನಕ್ಷೆಯನ್ನೇ ಸ್ವಲ್ಪ ಆಚೀಚೆ ಸರಿಸುತ್ತಾರೆ.